ಸೊಂಟದ ಕೀಲು ಬದಲಿಸಿದ ಮೇಲೆ ಮಲಗಿಯೇ ಇರಬೇಕಾ?

ಸೊಲ್ಲಾಪುರ ಸಮೀಪದ ಹೋಟಗಿ ಜಂಕ್ಷನ್‌ನಲ್ಲಿ ವಿಜಯಪುರದ ಕಡೆಗೆ ರೈಲು ಹತ್ತುವವರಿಗೆ ಬೋಗಿಯ ಮೆಟ್ಟಿಲು ಎತ್ತರ. ಸೊಂಟದ ಕೀಲು ಬದಲಿಸಿಕೊಂಡವರಿಗಂತೂ ಅದನ್ನು ನೋಡಿದರೇ ಭಯ. 'ನಡೆದರೆ ಕೀಲು ಸವೆಯುತ್ತೆ, ಸುಮ್ಮನೆ ಮಲಗಿರಿ' ಎನ್ನುವವರು ಮನೆಯಲ್ಲೇ ಇರುತ್ತಾರೆ. ಆದರೆ ಅಪಾಯ ಇರುವುದು ಮಲಗಿಯೇ ಇರುವುದರಲ್ಲಿ. ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಹೆಚ್ಚಿನವರನ್ನು ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ.

ಮೆಟ್ಟಿಲಿಗೆ ಸುಲಭ ಸೂತ್ರವಿದೆ: ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮೊದಲ 6ರಿಂದ 12 ವಾರ ಕೀಲು ಜಾರದಂತೆ ಎಚ್ಚರ ಬೇಕು. ಸಾಮಾನ್ಯವಾಗಿ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು. ಕುಕ್ಕರಗಾಲಿನ ಶೌಚಾಲಯದ ಬದಲು ಕಮೋಡ್ ಬಳಸಿ. ನಮಾಝ್ ಕುರ್ಚಿಯಲ್ಲಿ ಕುಳಿತು ಮಾಡಬಹುದು. ಅನಾರೋಗ್ಯದವರಿಗೆ ಆ ವಿನಾಯಿತಿ ಇದೆ. ಮತ್ತೆ ನೆಲದಲ್ಲಿ ಕೂರುವುದು, ಸುಜೂದ್ ಮಾಡುವುದು ಯಾವಾಗ ಎಂದು ಸರ್ಜನ್‌ರನ್ನೇ ಕೇಳಿ.

ಚೇತರಿಸಿಕೊಂಡ ಮೇಲೆ ನಡಿಗೆ, ಈಜು, ಸೈಕಲ್ ಒಳ್ಳೆಯದು. ಓಟ, ಜಿಗಿತಕ್ಕೆ ವೈದ್ಯರ ಒಪ್ಪಿಗೆ ಬೇಕು. ಕೃತಕ ಕೀಲು ಬೇಗ ಹಾಳಾಗುತ್ತದೆಂಬ ಭಯವೂ ಬೇಡ: 2019ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 58 ಶೇಕಡಾ ಕೀಲುಗಳು 25 ವರ್ಷ ಬಾಳುತ್ತವೆ.

ಮೀನಖಂಡ ಊದಿಕೊಂಡು ನೋವು, ಉಸಿರಾಟಕ್ಕೆ ತೊಂದರೆ, ಗಾಯದಿಂದ ಕೀವು, ದಿಢೀರ್ ನೋವಿನೊಂದಿಗೆ ಕಾಲು ಗಿಡ್ಡವಾದಂತೆ ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಉಳಿದ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ನಡೆಯುತ್ತಿರಿ.