‘ಸುಸ್ಸ್’ ಸದ್ದಿನ ಹಿಂದಿನ ಹಾಡುಗಳು



ನಾನು ಹಾಡು ಹಾಕಿದಾಗಲೆಲ್ಲ ನನ್ನವಳ ಪ್ರಶ್ನೆ ಒಂದೇ: "ಸ್ಪೀಕರ್ ಕೆಟ್ಟಿದೆಯೇನ್ರೀ?" ಕೆಟ್ಟಿಲ್ಲ, ಅದು ಲೋ-ಫೈ. ಅಂದರೆ ದುಬಾರಿ ಸ್ಟುಡಿಯೋ ಇಲ್ಲದೆ, ಸಾದಾ ಸಲಕರಣೆಗಳಲ್ಲಿ ಮನೆಯಲ್ಲೇ ಧ್ವನಿಮುದ್ರಿಸಿದ ಸಂಗೀತ.

ಇದಕ್ಕೆ ದಾರಿ ಸುಲಭ ಮಾಡಿದ್ದು 1979ರಲ್ಲಿ ಬಂದ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ. ಸ್ಟೀರಿಯೋ ಕ್ಯಾಸೆಟ್ಟಿನ ಒಂದೊಂದು ಬದಿಗೆ ಎರಡೆರಡು ಟ್ರ್ಯಾಕ್. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸುತ್ತದೆ. ಹಾಗಾಗಿ ಒಬ್ಬನೇ ಕೂತು ಡ್ರಮ್, ಗಿಟಾರ್, ದನಿಗಳನ್ನು ಒಂದಾದ ಮೇಲೊಂದು ಸೇರಿಸಬಹುದು. ಟ್ರ್ಯಾಕ್ ಕಿರಿದು, ಟೇಪಿನ ವೇಗ ಕಡಿಮೆ. ಅದಕ್ಕೇ ಆ ‘ಸುಸ್ಸ್’ ಸದ್ದು.

ಇಂಗ್ಲೆಂಡಿನ ವಿವೆನ್ಹೋ ಎಂಬ ಪುಟ್ಟ ಊರಿನ ಮಾರ್ಟಿನ್ ನ್ಯೂವೆಲ್ 1980ರ ದಶಕದಲ್ಲಿ ‘ಕ್ಲೀನರ್ಸ್ ಫ್ರಮ್ ವೀನಸ್’ ಹೆಸರಿನಲ್ಲಿ ಮನೆಯಲ್ಲೇ ಸೊಗಸಾದ ಹಾಡುಗಳನ್ನು ಮಾಡಿ, ಕ್ಯಾಸೆಟ್ಟುಗಳಲ್ಲೇ ಹೊರತಂದರು. ಹೆಚ್ಚು ಜನ ಗಮನಿಸಲಿಲ್ಲ. ಇಷ್ಟಪಟ್ಟವರು ಮಾತ್ರ ಬಿಡದೆ ಹಂಚಿಕೊಂಡರು. 2012ರಿಂದ ಅವು ಎಲ್‌ಪಿಗಳಾಗಿ ಮತ್ತೆ ಬಂದವು. 1982ರ ‘ಮಿಡ್‌ನೈಟ್ ಕ್ಲೀನರ್ಸ್’ ನನ್ನ ಕೈಗೆ ಬಂದದ್ದೂ ಇಂಥದೇ ಹುಚ್ಚಿನ ಗೆಳೆಯನಿಂದ.

ಅದನ್ನು ಕೇಳುವಾಗ ಊರಿಂದ ತಂದ ಕ್ಯಾಸೆಟ್ ನೆನಪಾಯಿತು. ಅಜ್ಜಿಯ ಸೋಬಾನೆ ಪದ, ಅದೇ ‘ಸುಸ್ಸ್’ ಸದ್ದು. ಇರುವುದು ಒಂದೇ ಪ್ರತಿ! ಅಂದೇ ಕಂಪ್ಯೂಟರಿಗೆ ಇಳಿಸಿ ಅಣ್ಣ, ಅಕ್ಕ, ಅತ್ತೆಯಂದಿರಿಗೆಲ್ಲ ಕಳಿಸಿದೆ. ನಿಮ್ಮ ಪೆಟ್ಟಿಗೆಯಲ್ಲೂ ಅಂಥದ್ದಿದ್ದರೆ ತಡಮಾಡಬೇಡಿ. ಹಾಡು ಉಳಿಯುವುದು ಹಂಚಿದಾಗಲೇ.