ಟವರ್ ಲೈನ್ ಕೆಳಗೆ ಗದ್ದೆ ಇದೆಯಾ? ಸಬ್‌ಸ್ಟೇಷನ್‌ನಲ್ಲಿ ಕೂತು ಆ ಲೈನ್ ಕಾಯೋರ ಕೆಲಸ ತಿಳ್ಕೊಳ್ಳಿ



ಆರು ವರ್ಷದ ಹಿಂದಿನ ಮಾತು. ಫೆಬ್ರವರಿ ಕೊನೆಯ ವಾರ, ಕಬ್ಬು ಕಟಾವಾಗಿ ಲಾರಿ ಹೋಗಿತ್ತು. ಗದ್ದೆ ತುಂಬ ತರಗು. ನಾನು ಆಗಿನ್ನೂ ಪೂರ್ತಿ ಸಾವಯವಕ್ಕೆ ಬಂದಿರಲಿಲ್ಲ. ಊರಲ್ಲಿ ಎಲ್ಲರೂ ಮಾಡೋದನ್ನೇ ಮಾಡಿದೆ: ಮಧ್ಯಾಹ್ನದ ಹೊತ್ತಲ್ಲಿ ಕಡ್ಡಿ ಗೀರಿದೆ.

ನಮ್ಮ ಗದ್ದೆ ಮೇಲೆ 220 ಕೆವಿ ಟವರ್ ಲೈನ್ ಹಾದುಹೋಗುತ್ತೆ. ಹತ್ತು ನಿಮಿಷಕ್ಕೆ ಬೆಂಕಿ ಲೈನ್ ಕೆಳಗೆ ಬಂತು, ದಟ್ಟ ಹೊಗೆ ಎದ್ದಿತು. ಆಮೇಲೆ ಸಿಡಿಲು ಬಡಿದ ಹಾಗೆ ಒಂದೇ ಒಂದು ಸದ್ದು. ಬೆಂಕಿ ಪಕ್ಕದ ಗದ್ದೆಗೆ ಹೋಗದಿರಲಿ ಅಂತ ಹಸಿ ಸೊಪ್ಪು ಹಿಡಿದು ನಿಂತಿದ್ದ ಕೆಲಸದ ಅಣ್ಣ ಬೆಚ್ಚಿ ಹಿಂದಕ್ಕೆ ಬಿದ್ದರು. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ.

ಕಾಲು ಗಂಟೆಯೂ ಆಗಿರಲಿಲ್ಲ, ಫೋನ್ ಬಂತು. ಮಾಡಿದ್ದು ನನ್ನ ಹೈಸ್ಕೂಲ್ ಗೆಳೆಯ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮಾಡಿ ಸಬ್‌ಸ್ಟೇಷನ್‌ನಲ್ಲಿ ರಿಲೇ ನೋಡಿಕೊಳ್ಳುವ ಎಂಜಿನಿಯರ್.

"ಲೋ, ನಿಮ್ಮ ಗದ್ದೆ ಕಡೆ ಯಾರಾದ್ರೂ ತರಗಿಗೆ ಬೆಂಕಿ ಹಾಕವ್ರಾ?"

"ನಿಂಗೆ ಹೆಂಗ್ ಗೊತ್ತಾಯ್ತು?"

"ರಿಲೇ ಹದಿನಾಲ್ಕು ಕಿಲೋಮೀಟರ್ ಅಂತ ತೋರಿಸ್ತಾ ಅದೆ. ಆ ದೂರಕ್ಕೆ ಇರೋದು ನಿಮ್ಮೂರೇ ಕಣೋ."

ನನಗೆ ನಾಚಿಕೆಯಾಯಿತು. ಆ ಭಾನುವಾರ ಅವನನ್ನೇ ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಇವತ್ತು ನಿಮಗೆ ಹೇಳ್ತೀನಿ. ನಮ್ಮಲ್ಲಿ ಎಷ್ಟೋ ಜನರ ಜಮೀನಿನ ಮೇಲೆ ಇಂಥ ಲೈನ್ ಇದೆ.

ದೂರ ಹೇಗೆ ಗೊತ್ತಾಗುತ್ತೆ?

1 ಕೆವಿ ಅಂದ್ರೆ 1,000 ವೋಲ್ಟ್. ಮನೆಗೆ ಬರೋದು 230 ವೋಲ್ಟ್, ಟಿಸಿಗೆ ಬರೋದು 11 ಕೆವಿ. ಟವರ್ ಮೇಲೆ ಹೋಗೋದು 66, 110, 220 ಅಥವಾ 400 ಕೆವಿ. ಇಷ್ಟು ಕರೆಂಟನ್ನು ನೇರವಾಗಿ ಯಾವ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗೂ ಕೊಡೋಕಾಗಲ್ಲ. ಅದಕ್ಕೇ ಸ್ಟೇಷನ್‌ನಲ್ಲಿ ಬೇರೆ ಟ್ರಾನ್ಸ್‌ಫಾರ್ಮರ್‌ಗಳಿಂದ ವೋಲ್ಟೇಜನ್ನು 110 ವೋಲ್ಟ್‌ಗೂ, ಕರೆಂಟನ್ನು 1 ಆಂಪಿಯರ್ ಲೆಕ್ಕಕ್ಕೂ ಇಳಿಸಿ ರಿಲೇಗೆ ಕೊಡ್ತಾರೆ. ರಿಲೇ ಅಂದ್ರೆ ಒಂದು ಪುಟ್ಟ ಕಂಪ್ಯೂಟರ್. ಹಗಲು ರಾತ್ರಿ ಈ ಎರಡನ್ನೂ ಅಳೀತಾನೇ ಇರುತ್ತೆ.

ನಮ್ಮ ಪೈಪ್‌ಲೈನ್ ನೆನೆಸಿಕೊಳ್ಳಿ. ಮೋಟರ್ ಹತ್ತಿರವೇ ಪೈಪ್ ಒಡೆದರೆ ಪ್ರೆಷರ್ ಪೂರ್ತಿ ಬಿದ್ದು ನೀರು ಸುರಿದುಹೋಗುತ್ತೆ. ದೂರದಲ್ಲಿ ಒಡೆದರೆ ಪ್ರೆಷರ್ ಅಷ್ಟು ಬೀಳಲ್ಲ. ರಿಲೇ ಮಾಡೋದೂ ಇದೇ ಲೆಕ್ಕ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುತ್ತೆ, ಉತ್ತರ ಓಮ್‌ನಲ್ಲಿ ಬರುತ್ತೆ. 220 ಕೆವಿ ಲೈನ್‌ನಲ್ಲಿ ಕಿಲೋಮೀಟರಿಗೆ ಸುಮಾರು 0.4 ಓಮ್. ಅವತ್ತು ಬಂದದ್ದು ಹೆಚ್ಚುಕಡಿಮೆ 5.6 ಓಮ್. ಭಾಗಿಸಿ ನೋಡಿ, 14 ಕಿಲೋಮೀಟರ್.

ಬೆಂಕಿಯಿಂದ ಲೈನ್ ಟ್ರಿಪ್ ಆಗೋದು ಯಾಕೆ? ತಂತಿಯ ಸುತ್ತ ಇರುವ ಗಾಳಿಯೇ ಅದಕ್ಕೆ ಇನ್ಸುಲೇಷನ್. ಗಾಳಿ ಕಾದು, ಅದರಲ್ಲಿ ಹೊಗೆ, ಬೂದಿ ಸೇರಿದರೆ ತಡೆಯುವ ಶಕ್ತಿ ಕುಗ್ಗುತ್ತೆ. ಆಗ ಕರೆಂಟ್ ಹೊಗೆಯೊಳಗೇ ನೆಲಕ್ಕೋ ಪಕ್ಕದ ತಂತಿಗೋ ಹಾರುತ್ತೆ. ನಾನು ಕೇಳಿದ ಸದ್ದು ಅದೇ.

ಅವರ ದಿನದ ಕೆಲಸ

ಟವರ್ ಹತ್ತೋದು ಅವನ ಕೆಲಸವಲ್ಲ, ಅದಕ್ಕೆ ಬೇರೆ ಸಿಬ್ಬಂದಿ ಇದ್ದಾರೆ. ಅವನು ರಿಲೇಗೆ ಟೆಸ್ಟ್ ಕಿಟ್ ಹಾಕಿ ಸುಳ್ಳು ದೋಷ ಕೊಟ್ಟು, ಸರಿಯಾದ ಹೊತ್ತಿಗೆ ಟ್ರಿಪ್ ಆಗುತ್ತಾ ಅಂತ ನೋಡ್ತಾನೆ. ಸ್ಟೇಷನ್‌ನ ಮಾಹಿತಿ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗೆ ತಪ್ಪದೆ ಹೋಗ್ತಿದೆಯಾ ಅಂತ ಗಮನಿಸ್ತಾನೆ. ಅನೇಕ ಟವರ್‌ಗಳ ತುದಿಯಲ್ಲಿ ಸಿಡಿಲು ತಡೆಯೋಕೆ ಅಂತ ಒಂದು ತಂತಿ ಇರುತ್ತಲ್ಲ, ಅದರ ಹೊಟ್ಟೆಯೊಳಗೇ ಫೈಬರ್ ಕೇಬಲ್ ಕೂಡ ಇರುತ್ತೆ. ಮಾಹಿತಿ ಓಡೋದು ಅದರಲ್ಲೇ. ಊರಿಗೆಲ್ಲ ಕರೆಂಟ್ ಹೋದಾಗಲೂ ರಿಲೇ ಕೆಲಸ ಮಾಡಬೇಕು. ಅದಕ್ಕೆ ಒಂದು ಕೋಣೆ ತುಂಬ ಬ್ಯಾಟರಿ. ಅವುಗಳ ಜವಾಬ್ದಾರಿಯೂ ಅವನದೇ.

220 ಕೆವಿ ಲೈನಿನ ದೋಷವನ್ನು 160 ಮಿಲಿಸೆಕೆಂಡ್ ಒಳಗೆ ಕತ್ತರಿಸಬೇಕು ಅನ್ನೋದು ನಿಯಮ. ಅಂದ್ರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಮನುಷ್ಯ ಯೋಚಿಸಿ ಬಟನ್ ಒತ್ತೋಕೆ ಸಮಯವಿಲ್ಲ. ಎಂಜಿನಿಯರ್ ಮೊದಲೇ ಯೋಚಿಸಿ ಸೆಟ್ಟಿಂಗ್ ಇಟ್ಟಿರಬೇಕು, ಅಷ್ಟೆ.

ಈ ಸೆಟ್ಟಿಂಗ್‌ನ ಬೆಲೆ ಏನು ಅಂತ 2012ರಲ್ಲಿ ದೇಶವೇ ನೋಡಿತು. ಆ ವರ್ಷ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯ ರಾಜ್ಯಗಳೂ ಸೇರಿ ಸುಮಾರು 60 ಕೋಟಿ ಜನ ಕರೆಂಟ್ ಇಲ್ಲದೆ ಕೂತರು. ಶುರುವಾದದ್ದು ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕೆವಿ ಲೈನ್‌ನಿಂದ. ಲೈನ್ ಮೇಲೆ ಲೋಡ್ ಅತಿಯಾಗಿತ್ತು, ವೋಲ್ಟೇಜ್ ಇಳಿದಿತ್ತು. ರಿಲೇ ಆ ಲೋಡನ್ನೇ ದೋಷ ಅಂತ ತಿಳಿದು ಟ್ರಿಪ್ ಮಾಡಿತು. ಆ ಭಾರ ಬೇರೆ ಲೈನ್‌ಗಳ ಮೇಲೆ ಬಿದ್ದು ಅವೂ ಒಂದರ ಹಿಂದೆ ಒಂದು ಹೋದವು.

ದಕ್ಷಿಣದಲ್ಲಿ ನಾವು ಉಳಿದುಕೊಂಡೆವು. ಆಗ ನಮ್ಮ ಗ್ರಿಡ್‌ಗೂ ಉತ್ತರಕ್ಕೂ ನೇರ ಎಸಿ ಜೋಡಣೆ ಇರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಲೈನ್‌ನಂತೆ ಡಿಸಿ ಮೂಲಕ ಮಾತ್ರ ಸಂಪರ್ಕವಿತ್ತು. ಡಿಸಿ ದಾರಿಯಲ್ಲಿ ಆ ಕಡೆಯ ಏರುಪೇರು ಹಾಗೇ ಈ ಕಡೆಗೆ ದಾಟಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಜೋಡಣೆಯಾದ ಮೇಲೆ ಇಡೀ ದೇಶ ಒಂದೇ ಗ್ರಿಡ್.

ರಿಲೇ ಕಾಯೋದು ಲೈನನ್ನು, ನಮ್ಮನ್ನಲ್ಲ

ಇಷ್ಟೆಲ್ಲ ಕೇಳಿ ನಾನಂದೆ, "ಅಂದ್ರೆ ಏನಾದ್ರೂ ಆದ್ರೆ ಲೈನ್ ತಾನೇ ಆಫ್ ಆಗುತ್ತಲ್ಲ, ಭಯ ಇಲ್ಲ." ಅವನು ತಲೆ ಆಡಿಸಿದ. "ಅದೇ ತಪ್ಪು ತಿಳುವಳಿಕೆ ಕಣೋ ಜನರನ್ನ ಸಾಯಿಸೋದು."

ಮೊದಲನೆಯದು, ಟ್ರಿಪ್ ಆದ ಲೈನ್ ಸತ್ತ ಲೈನ್ ಅಲ್ಲ. 220 ಕೆವಿ ಲೈನ್‌ಗಳಲ್ಲಿ ಆಟೋ ರೀಕ್ಲೋಸ್ ಅಂತ ವ್ಯವಸ್ಥೆ ಇರುತ್ತೆ. ದೋಷ ಬಂದ ಫೇಸ್ ಬಿಟ್ಟುಕೊಂಡು, ಸುಮಾರು 1 ಸೆಕೆಂಡಿಗೆ ತಾನೇ ಮತ್ತೆ ಚಾರ್ಜ್ ಆಗುತ್ತೆ. 11 ಕೆವಿ ಲೈನ್‌ನಲ್ಲೂ ಟ್ರಿಪ್ ಆದ ಮೇಲೆ ಆಪರೇಟರ್ ಇನ್ನೊಮ್ಮೆ ಹಾಕಿ ನೋಡಬಹುದು.

ಎರಡನೆಯದು, ತಂತಿ ಒಣ ನೆಲದ ಮೇಲೆ ಬಿದ್ದರೆ ಹರಿಯೋ ಕರೆಂಟ್ ಕಡಿಮೆ. ರಿಲೇಗೆ ಅದು ದೋಷ ಅಂತ ಗೊತ್ತಾಗದೇ ಇರಬಹುದು. 11 ಕೆವಿ ಲೈನ್‌ಗಳಲ್ಲಿ ಇದು ಹೆಚ್ಚು. ತಂತಿ ಕಿಡಿ ಹಾರಿಸದೆ ಸುಮ್ಮನೆ ಬಿದ್ದಿರುತ್ತೆ, ಜೀವ ಮಾತ್ರ ಇರುತ್ತೆ.

ಮೂರನೆಯದು, 160 ಮಿಲಿಸೆಕೆಂಡ್ ಲೈನಿಗೆ ಸಾಕು, ಮನುಷ್ಯನ ದೇಹಕ್ಕೆ ಅದೇ ಜಾಸ್ತಿ.

ಹಾಗಾದ್ರೆ ನಾವು ಮಾಡಬೇಕಾದ್ದು

1. ತರಗು ಸುಡಬೇಡಿ. ಉತ್ತರ ಕರ್ನಾಟಕದ ಗೆಳೆಯರು ರವದಿ ಅಂತೀರಲ್ಲ, ಅದೇ. ಎಕರೆಗೆ 3–4 ಟನ್ ಸಿಗುತ್ತೆ. ಸಾಲು ಬಿಟ್ಟು ಸಾಲಿಗೆ ಹರಡಿ, ನೀರು ಹಾಯಿಸಿ, ಮೇಲೆ ಜೀವಾಮೃತ ಕೊಡಿ. ಕಳೆ ಕಡಿಮೆಯಾಗುತ್ತೆ, ತೇವ ನಿಲ್ಲುತ್ತೆ. ಆ ಘಟನೆ ಆದಮೇಲೆ ನಾನು ಒಂದು ಕಡ್ಡಿಯೂ ಗೀರಿಲ್ಲ.

2. ಮರದ ಲೆಕ್ಕ ಹಾಕಿ. 220 ಕೆವಿ ಲೈನ್ ನೆಲದಿಂದ ಕನಿಷ್ಠ ಸುಮಾರು 7 ಮೀಟರ್ ಮೇಲಿರಬೇಕು. ಮರಕ್ಕೂ ತಂತಿಗೂ 4.6 ಮೀಟರ್ ಅಂತರ ಬೇಕು. ಉಳಿಯೋದು 2.4 ಮೀಟರ್, ಅಂದ್ರೆ 8 ಅಡಿ. ಬಿಸಿಲಿಗೆ, ಲೋಡಿಗೆ ತಂತಿ ಕಾದು ಇನ್ನೂ ಜೋತುಬೀಳುತ್ತೆ. ಬೆಳಿಗ್ಗೆ ನೋಡಿದ ಅಂತರ ಮಾರ್ಚ್ ಮಧ್ಯಾಹ್ನ ಇರಲ್ಲ. ಎರಡು ಟವರ್ ನಡುವೆ ತಂತಿ ಹೆಚ್ಚು ಜೋತಿರುವ ಕಡೆ ತೆಂಗು, ಅಡಿಕೆ, ತೇಗ, ಸಿಲ್ವರ್ ಓಕ್, ಏಲಕ್ಕಿ ಬಾಳೆ ಯಾವುದೂ ಬೇಡ. ನಾನು ಆ ಪಟ್ಟಿಯಲ್ಲಿ ಕಬ್ಬನ್ನೂ ಬಿಟ್ಟು ಅರಿಶಿನ, ಬದನೆ, ಚೆಂಡುಹೂ ಬೆಳೀತೀನಿ. 220 ಕೆವಿಗೆ ಈ ಪಟ್ಟಿಯ ಅಗಲ 35 ಮೀಟರ್, 66 ಕೆವಿಗೆ 18 ಮೀಟರ್.

3. ಪೈಪ್ ನೆಟ್ಟಗೆ ಎತ್ತಬೇಡಿ. 20 ಅಡಿ ಪೈಪ್ ಅಂದ್ರೆ 6 ಮೀಟರ್. 7ರಲ್ಲಿ 6 ಹೋದರೆ ಉಳಿಯೋದು ಒಂದೇ ಮೀಟರ್. ಇಷ್ಟು ವೋಲ್ಟೇಜ್ ಇದ್ದಾಗ ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರಿ ಬರುತ್ತೆ. ಸ್ಪ್ರಿಂಕ್ಲರ್ ಪೈಪ್, ಬೋರ್‌ವೆಲ್ ಪೈಪ್, ಕಾಯಿ ಕೀಳುವ ಅಲ್ಯೂಮಿನಿಯಂ ದೋಟಿ ಯಾವುದೇ ಇರಲಿ, ಮಲಗಿಸಿಕೊಂಡೇ ಸಾಗಿಸಿ.

4. ತಂತಿ ಬೇಲಿಗೆ ಅರ್ಥಿಂಗ್ ಮಾಡಿಸಿ. ದೊಡ್ಡ ಲೈನ್ ಕೆಳಗಿನ ಬೇಲಿ ಮುಟ್ಟಿದಾಗ ಜುಮ್ ಅಂದರೆ ಅದು ಲೀಕ್ ಅಲ್ಲ, ಮೇಲಿನ ಲೈನ್‌ನಿಂದ ಬೇಲಿಗೆ ತಾನೇ ಬಂದ ವೋಲ್ಟೇಜ್.

5. ಮೊಬೈಲ್ ಬಳಸಿ. ನಿಮ್ಮ ಜಮೀನಿನ ಟವರ್‌ನಲ್ಲಿ ಅಪಾಯದ ಬೋರ್ಡ್, ಟವರ್ ನಂಬರ್ ಇರುತ್ತೆ. ಇವತ್ತೇ ದೂರದಿಂದ ಒಂದು ಫೋಟೊ ತೆಗೆದು ಇಟ್ಕೊಳ್ಳಿ. ತಂತಿ ಬಿದ್ದರೆ, ಜೋತರೆ 30 ಅಡಿಗಿಂತ ಹತ್ತಿರ ಯಾರನ್ನೂ, ದನಕರುವನ್ನೂ ಬಿಡಬೇಡಿ. 1912ಕ್ಕೆ ಕರೆ ಮಾಡಿ ಟವರ್ ನಂಬರ್ ಹೇಳಿ. ಹುಡುಕೋ ಸಮಯ ಉಳಿಯುತ್ತೆ.

ಇನ್ನೊಂದು ಮಾತು. ಮನೆಯಲ್ಲಿ ತಮ್ಮನೋ ತಂಗಿಯೋ ಎಲೆಕ್ಟ್ರಾನಿಕ್ಸ್ ಓದುತ್ತಿದ್ದರೆ ಬೆಂಗಳೂರಿನ ಸಾಫ್ಟ್‌ವೇರ್ ಒಂದೇ ದಾರಿ ಅಂತ ತಿಳಿಯದಿರಲಿ. ನಮ್ಮ ಪಂಪ್‌ಸೆಟ್ ಓಡಿಸುವ ಲೈನ್ ಕಾಯೋಕೂ ಅವರ ಓದು ಬೇಕು.

ಅವತ್ತು ಸೊಪ್ಪು ಹಿಡಿದು ನಿಂತಿದ್ದ ಅಣ್ಣ ಈಗಲೂ ನಮ್ಮ ಗದ್ದೆಗೆ ಬರ್ತಾರೆ. ಕಟಾವು ಮುಗಿದ ದಿನ ತರಗು ಹರಡೋಕೆ ಮೊದಲು ಇಳಿಯೋದು ಅವರೇ. ನಿಮ್ಮ ಕಟಾವು ಶುರುವಾಗೋ ಮೊದಲು ಈ ಲೇಖನವನ್ನು ನಿಮ್ಮೂರಿನ ಗ್ರೂಪ್‌ಗೆ ಕಳಿಸಿ.