ಅತ್ಯಂತ ಗಡಸಾದ ವಸ್ತುಗಳು

ಗೀರು ಬೀಳುವುದನ್ನೂ ಒತ್ತಿದಾಗ ಕುಳಿಯಾಗುವುದನ್ನೂ ತಡೆಯುವ ವಸ್ತುವಿನ ಗುಣವನ್ನು ಗಡಸುತನ ಎನ್ನುತ್ತಾರೆ. ನಿಸರ್ಗದಲ್ಲಿ ಹೇರಳವಾಗಿ ಪರೀಕ್ಷೆಗೆ ಒಳಗಾದ ವಸ್ತುಗಳಲ್ಲಿ ವಜ್ರವೇ ಅತ್ಯಂತ ಗಡಸಾದುದು. ಅದರ ಪ್ರತಿಯೊಂದು ಇಂಗಾಲದ ಪರಮಾಣುವೂ ನೆರೆಯ ನಾಲ್ಕು ಪರಮಾಣುಗಳೊಡನೆ ಸಹವೇಲೆನ್ಸಿಯ ಬಂಧದಿಂದ ಎಲ್ಲ ದಿಕ್ಕುಗಳಲ್ಲಿಯೂ ಹೆಣೆದುಕೊಂಡಿರುವುದು ಇದಕ್ಕೆ ಕಾರಣ.

ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕದಲ್ಲಿ ಬಳಪದ ಕಲ್ಲಿನ ಖನಿಜವಾದ ಟಾಲ್ಕ್‌ಗೆ 1, ಮಾಣಿಕ್ಯ ಹಾಗೂ ನೀಲಮಣಿಗಳ ಮೂಲವಾದ ಕುರುವಿಂದಕ್ಕೆ 9, ವಜ್ರಕ್ಕೆ 10 ಅಂಕಗಳಿವೆ. ಈ ಅಂಕಗಳು ಯಾವುದು ಯಾವುದನ್ನು ಗೀರಬಲ್ಲದು ಎಂಬ ಕ್ರಮವನ್ನಷ್ಟೇ ಸೂಚಿಸುತ್ತವೆ. ಅಳೆದು ನೋಡಿದರೆ ವಜ್ರವು ಕುರುವಿಂದಕ್ಕಿಂತ ಸುಮಾರು ನಾಲ್ಕು ಪಟ್ಟು ಗಡಸು. ಆದರೂ ಸುತ್ತಿಗೆಯ ಪೆಟ್ಟಿಗೆ ಅದು ಸೀಳಿಹೋಗುತ್ತದೆ. ಗಡಸುತನ ಬೇರೆ, ಪೆಟ್ಟು ತಾಳುವ ಗುಣ ಬೇರೆ.

ಅಮೆರಿಕದ ರಾಬರ್ಟ್ ವೆಂಟಾರ್ಫ್ 1957ರಲ್ಲಿ ತಯಾರಿಸಿದ ಘನಾಕೃತಿಯ ಬೋರಾನ್ ನೈಟ್ರೈಡ್‌ನ ಗಡಸುತನವು ವಜ್ರದ ಸುಮಾರು ಅರ್ಧದಷ್ಟು. ಆದರೆ ಉಕ್ಕನ್ನು ಕತ್ತರಿಸಲು ಅದೇ ಮೇಲು. ಕತ್ತರಿಸುವಾಗ ಹುಟ್ಟುವ ಶಾಖದಲ್ಲಿ ವಜ್ರದ ಇಂಗಾಲವು ಕಬ್ಬಿಣದಲ್ಲಿ ಕರಗುವುದರಿಂದ ಉಪಕರಣದ ಅಲಗು ಬೇಗನೆ ಸವೆಯುತ್ತದೆ. ಬೋರಾನ್ ನೈಟ್ರೈಡ್‌ಗೆ ಈ ತೊಂದರೆ ಇಲ್ಲ. ಗ್ರಾನೈಟ್, ಕಾಂಕ್ರೀಟ್, ಗಾಜು ಮುಂತಾದವುಗಳನ್ನು ಕೊಯ್ಯಲು ವಜ್ರದ ಉಪಕರಣಗಳೇ ಬಳಕೆಯಲ್ಲಿವೆ.